ವಾರ ಬಿಟ್ಟು ವಾರ

ಆ ವರ್ಷ ಶ್ರಾವಣದ ಹೊತ್ತಿಗೆ ನಮ್ಮ ಗೋದಾಮಿಗೆ ಲಾರಿಗಳು ತುಂಬಿಕೊಂಡು ಬರತೊಡಗಿದವು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ನಮ್ಮಲ್ಲಿ ಲಾರಿ ತುಂಬಿಕೊಂಡು ಹೋಗಬೇಕು, ಖಾಲಿ ಬರಬೇಕು. ಆದರೆ ಬಿತ್ತನೆಗೆ ಮುಂಚೆ ನಾವೇ ಅಂಗಡಿಗಳಿಗೆ ಕಳಿಸಿದ್ದ ಮೆಣಸಿನಕಾಯಿ ಬೀಜದ ಪೆಟ್ಟಿಗೆಗಳು, ಮೇಲಿನ ಟೇಪು ಕೂಡ ಬಿಚ್ಚದೆ, ತಿರುಗಿ ಬಂದು ಬಾಗಿಲ ಬಳಿ ಗೋಡೆಯಂತೆ ಎದ್ದು ನಿಂತವು. ಪೆಟ್ಟಿಗೆ ಒಡೆದು, ಪೊಟ್ಟಣ ಕತ್ತರಿಸಿ, ಬೀಜವನ್ನು ಮತ್ತೆ ಚೀಲಕ್ಕೆ ಸುರಿಯುವುದು ನಮ್ಮ ಕೆಲಸವಾಯಿತು.

ಹೆಣ್ಣುಮಕ್ಕಳಿಗೆ ಮೊದಲು ಖುಷಿಯೇ ಆಯಿತು. ಆ ತಿಂಗಳಲ್ಲಿ ಸಾಮಾನ್ಯವಾಗಿ ಕೈಗೆ ಕೆಲಸವಿರುವುದಿಲ್ಲ. ಈ ಸಲ ಸಂಜೆಯಾದರೂ ಯಾರೂ ಏಳುವಂತಿರಲಿಲ್ಲ. "ಈ ವರ್ಷ ದೀಪಾವಳಿ ಬೋನಸ್ ಜೋರ ಐತಿ ಬಿಡ್ರಿ" ಎಂದು ಒಬ್ಬಳು ನಕ್ಕಳು. ನನ್ನ ಪಕ್ಕದಲ್ಲಿ ಕತ್ತರಿ ಹಿಡಿದು ಕುಳಿತಿದ್ದ ಹಿರಿಯ ಹೆಂಗಸು ತಲೆ ಎತ್ತದೆ ಹೇಳಿದಳು: "ಇದು ಕೆಲಸ ಬಂದಿದ್ದಲ್ಲವಾ, ಕೆಲಸ ಮುಗ್ಯಾಕತ್ತೈತಿ. ನಾವ ಹೊಲಿದ ಅಂಗಿ ನಾವ ಬಿಚ್ಚಾಕತ್ತೇವಿ."

ಅವಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ನಮ್ಮ ಓಣಿಯವಳೇ. ಮದುವೆಯಾಗಿ ಬಂದ ಹೊಸತರಲ್ಲಿ, ಪಿಯುಸಿ ಓದಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ನನ್ನ ಕೈ ಹಿಡಿದು ಈ ಗೋದಾಮಿಗೆ ಕರೆದುಕೊಂಡು ಬಂದವಳು ಅವಳು.

ಅಕ್ಕನ ಮಾತು ಸುಳ್ಳಾಗುವ ಹಾಗಿರಲಿಲ್ಲ. ನನ್ನ ಗಂಡ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುತ್ತಾರೆ. ದಿನವೂ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಮೈಯೆಲ್ಲ ಮೆಣಸಿನಕಾಯಿಯ ಘಾಟು ಹೊತ್ತು ಬರುವವರು. ಹಿಂದಿನ ವರ್ಷ ಮೆಣಸಿನಕಾಯಿಯ ದರ ಬಿದ್ದಾಗ, ಏರಿದ ಮೇಲೆ ಮಾರೋಣ ಎಂದು ರೈತರೂ ವ್ಯಾಪಾರಸ್ಥರೂ ಚೀಲಗಳನ್ನು ಅಲ್ಲಿ ತಂದು ಇಟ್ಟಿದ್ದರು. ದರ ಏರಲಿಲ್ಲ. "ಹೋದ ವರ್ಷದ ಚೀಲ ಹಂಗ ಅದಾವು. ತಗೊಳ್ಳಾವ್ರ ಇಲ್ಲ. ಹಮಾಲರು ಚೀಲದ ಮ್ಯಾಲ ಮಲಕ್ಕೊಂಡು ಮೊಬೈಲ್ ನೋಡಾಕತ್ತಾರ" ಎಂದು ಇವರು ಹೇಳುತ್ತಿದ್ದರು. ಚೀಲ ಮಾರಾಟವಾಗದ ರೈತ ಈ ವರ್ಷ ಮೆಣಸಿನಕಾಯಿ ಬಿಟ್ಟು ಗೋವಿನಜೋಳ, ಅಂದರೆ ಮೆಕ್ಕೆಜೋಳ, ಹಾಕಿದ. ಹಾಗಾಗಿ ಮೆಣಸಿನ ಬೀಜ ಅಂಗಡಿಯಲ್ಲೇ ಉಳಿಯಿತು, ಅಂಗಡಿಯವರು ನಮಗೆ ತಿರುಗಿಸಿದರು. ಬ್ಯಾಡಗಿಯಲ್ಲಿ ದರ ಬಿದ್ದದ್ದು ನಮ್ಮ ಟೇಬಲ್ಲಿಗೆ ಬಂದು ಮುಟ್ಟಲು ಒಂದು ಮಳೆಗಾಲ ಹಿಡಿದಿತ್ತು, ಅಷ್ಟೇ.

ತಿರುಗಿ ಬಂದ ಪೆಟ್ಟಿಗೆಗಳು ಮುಗಿಯುತ್ತ ಬಂದಾಗ, ಒಂದು ಸೋಮವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಹೆಚ್ಚು ಮಾತಿಲ್ಲದ ಮನುಷ್ಯ. ಏನು ಹೇಳುವುದಿದ್ದರೂ ಬಾಗಿಲಲ್ಲಿ ನಿಂತೇ ಹೇಳಿ ಹೋಗುತ್ತಿದ್ದರು. ಅವತ್ತು "ಕುಂದರ್ರಿ" ಎಂದರು.

"ಹೆಡ್ ಆಫೀಸ್ನಾವ್ರು ಪ್ಯಾಕಿಂಗ್ನಾಗ ಅರ್ಧ ಮಂದಿನ್ನ ಕಡಿಮಿ ಮಾಡ್ರಿ ಅಂದಾರ. ಯಾರು ಇರಬೇಕು, ಯಾರು ಬ್ಯಾಡ, ಶನಿವಾರದೊಳಗ ನೀವ ಹೇಳ್ರಿ."

"ನಾ ಯಾಕ್ರಿ ಸರ್?"

"ದಿನಾ ಅವರ ಜೋಡಿ ಇರಾವ್ರು ನೀವು. ನನಗ ಅವರ ಮುಖ ಅಷ್ಟ ಗೊತ್ತು."

"ನಾ ಹೇಳಲಿಲ್ಲಂದ್ರ?"

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಹಂಗಾರ ನಾ ಕಣ್ಣು ಮುಚ್ಚಿ ಹೇಳಬೇಕಾಕ್ಕೈತಿ. ಅದು ಛಲೋ ಅಲ್ಲರಿ. ಸದ್ಯಕ್ಕ ಯಾರ ಮುಂದೂ ಅನಬ್ಯಾಡ್ರಿ."

ಹೊರಗೆ ಬಂದಾಗ ಟೇಬಲ್ಲಿನ ಎರಡೂ ಬದಿಯ ಮುಖಗಳು ನನ್ನತ್ತ ತಿರುಗಿದವು. ಆ ತುದಿಯಲ್ಲಿ ನನ್ನ ನಾದಿನಿಯೂ ಇದ್ದಳು. ಗಂಡನ ಕಾಟ ತಾಳದೆ ಮಗಳನ್ನು ಕರೆದುಕೊಂಡು ತವರಿಗೆ, ಅಂದರೆ ನಮ್ಮ ಮನೆಗೆ, ಬಂದವಳು. ಬಂದ ಮೊದಲ ಕೆಲವು ತಿಂಗಳು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಓಣಿಯವರು ಕೇಳಿದರೆ ಏನು ಹೇಳುವುದು ಎಂಬ ಸಂಕೋಚ. ನಾನೇ ಒತ್ತಾಯ ಮಾಡಿ ಗೋದಾಮಿಗೆ ಸೇರಿಸಿದ್ದೆ. ಕೆಲಸಕ್ಕೆ ಬರತೊಡಗಿದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು.

ಗಂಡನಿಗೆ ಹೇಳದೆ ಇರಲು ಆಗಲಿಲ್ಲ. ಹಿತ್ತಲಲ್ಲಿ ಅವರು ಕೈಕಾಲು ತೊಳೆಯುತ್ತಿದ್ದಾಗ ಮೆಲ್ಲಗೆ ಹೇಳಿದೆ. ಬಾಗಿಲ ಒಳಗೆ ಅತ್ತೆ ಅಕ್ಕಿ ಆರಿಸುತ್ತಿದ್ದದ್ದು ನನಗೆ ಕಾಣಲಿಲ್ಲ. ಊಟಕ್ಕೆ ಕುಳಿತಾಗ ಅತ್ತೆ ನನ್ನ ತಾಟಿಗೆ ರೊಟ್ಟಿ ಹಾಕುತ್ತ, ಮಗಳು ಎದುರಿಗಿದ್ದಾಳೆ ಎಂಬುದನ್ನೂ ಲೆಕ್ಕಿಸದೆ ಕೇಳಿದರು: "ಮನಿ ಮಗಳನ್ನ ಉಳಿಸ್ಕೊಂಡ ಮ್ಯಾಲಲ್ಲೇನ ಉಳದಾವ್ರು?"

"ಹಂಗ ಮಾಡಿದ್ರ ಮಂದಿ ಏನಂತಾರ್ರೀ ಅತ್ತಿ?"

"ಮಂದಿ ನಮ್ಮ ಒಲಿ ಹಚ್ಚಾಕ ಬರತಾರೇನು? ಇವನ ಕೆಲಸದ್ದರ ಏನ ಭರೋಸಾ ಐತಿ? ಮುಂದ ಈಕಿ ಗತಿ?"

ಗಂಡ ತಾಟಿನ ಮೇಲೆ ಬಾಗಿ ಉಣ್ಣುತ್ತಿದ್ದರು. ನಾದಿನಿ ಮಗಳ ತಾಟಿನಲ್ಲಿ ರೊಟ್ಟಿ ಮುರಿಯುತ್ತಲೇ ಇದ್ದಳು. ಮುರಿದ ಚೂರನ್ನು ಮತ್ತೆ ಮುರಿಯುತ್ತಿದ್ದಳು.

ಆ ವಾರ ಗೋದಾಮಿನಲ್ಲಿ ಕಳೆದಂಥ ದಿನಗಳನ್ನು ನಾನು ಬೇರೆಲ್ಲೂ ಕಳೆದಿಲ್ಲ. ಸುದ್ದಿ ಹೇಗೋ ಸೋರಿತ್ತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಯಾರೂ ಮೊದಲಿನ ಹಾಗೆ ಇರಲಿಲ್ಲ. ಮಾತಿಗೆ ಮಾತು ಕೊಡುತ್ತಿದ್ದವರು ತಲೆ ಬಗ್ಗಿಸಿ ಕೆಲಸ ಮಾಡಿದರು. ಒಬ್ಬಳು ನನಗೆಂದು ಸೇವಂತಿಗೆ ಹೂ ತಂದಳು. ಇನ್ನೊಬ್ಬಳು ಬುತ್ತಿಯಿಂದ ಹೋಳಿಗೆ ತೆಗೆದು ನನ್ನ ಕೈಗೆ ತುರುಕಿದಳು. ತಿನ್ನಲೂ ಆಗದು, ಬೇಡ ಎನ್ನಲೂ ಆಗದು. ಮೈ ಸುಡುವ ಜ್ವರವಿದ್ದವಳು "ಏನಿಲ್ರಿ, ಬಿಸಲಿಗೆ ಹಂಗಾಗೇತಿ" ಎಂದು ಬಂದು ಕುಳಿತಳು. ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಬಸುರಿ. ನನಗೆ ಗೊತ್ತಿತ್ತು. ಅವಳು ಸೀರೆಯನ್ನು ಬಿಗಿದು ಉಟ್ಟು, ನಾನು ಹತ್ತಿರ ಹೋದಾಗಲೆಲ್ಲ ಟೇಬಲ್ಲಿಗೆ ಒತ್ತಿ ಕೂರುತ್ತಿದ್ದಳು. ಅವಳ ಕಣ್ಣಲ್ಲಿ ನನ್ನ ಬಗ್ಗೆ ಇದ್ದ ಹೆದರಿಕೆಯನ್ನು ನೋಡಿ ನನಗೇ ಹೆದರಿಕೆಯಾಯಿತು. ಅಕ್ಕ ಮಾತ್ರ ನಿಶ್ಚಿಂತೆಯಿಂದ ಇದ್ದಳು. ತನ್ನನ್ನು ಯಾರೂ ಮುಟ್ಟಲಾರರು ಎಂದು ಅವಳಿಗೆ ಗಟ್ಟಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕುಳಿತಿದ್ದಾಗ ನಾದಿನಿ ಎದ್ದು ನಿಂತಳು. ನಾಲ್ಕು ಜನರ ನಡುವೆ ದನಿ ಎತ್ತಿ ಮಾತಾಡಿದವಳೇ ಅಲ್ಲ ಅವಳು.

"ನಮ್ಮ ವೈನಿ ಬಾಯಿ ಬಿಡಂಗಿಲ್ಲ, ನಾನ ಹೇಳತೀನಿ" ಎಂದು ನನ್ನ ಕಡೆ ಕೈ ತೋರಿಸಿದಳು. "ಅರ್ಧ ಮಂದಿನ್ನ ತಗೀತಾರಂತ. ಯಾರ್ನ ಅಂತ ನಾಳೆ ವೈನಿ ಹೇಳಬೇಕಂತ. ಅದರ ಬದ್ಲಿ ನಾವ ಹೋಗಿ ಕೇಳೂಣು. ಈ ವಾರ ಅರ್ಧ ಮಂದಿ, ಮುಂದಿನ ವಾರ ಅರ್ಧ ಮಂದಿ. ಅವರಿಗೂ ಖರ್ಚು ಅಷ್ಟ ಆತು. ಯಾರೂ ಹೋಗೂದು ಬ್ಯಾಡ."

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಅರ್ಧ ಸಂಬಳದಲ್ಲಿ ಬದುಕುವುದು ಹೇಗೆ ಎಂದು ಕೆಲವರು, ಪೂರ್ತಿ ಹೋಗುವುದಕ್ಕಿಂತ ವಾಸಿಯಲ್ಲವೇ ಎಂದು ಕೆಲವರು. ಅಕ್ಕ ಊಟದ ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಬಡಿದಳು.

"ನಾ ಯಾಕ ಅರ್ಧ ಹೊಟ್ಟಿ ಉಣ್ಣಲಿ? ಈ ಗೋದಾಮಿಗೆ ತಗಡು ಹಾಕೂಮುಂದ ನಾ ಇಲ್ಲಿದ್ದೆ. ನೀ ನಿನ್ನೆ ಬಂದಾಕಿ. ನಿಮ್ಮ ವೈನಿ ಇದ್ದಾಳಂತ ಬಂದಾಕಿ."

"ಖರೇ ಐತಿ ಅಕ್ಕಾ" ಎಂದಳು ನಾದಿನಿ. "ಯಾರರ ಹೋಗಬೇಕಂದ್ರ ಮೊದಲ ನಾನ ಹೋಗತೀನಿ. ಆದ್ರ ನನ್ನೊಬ್ಬಾಕಿನ್ನ ತಗೊಂಡ್ರ ಅವರಿಗೆ ಸಾಲಂಗಿಲ್ಲಲಾ. ನನ್ನ ಹಿಂದ ಯಾರು ಅಂತ ನೀ ಹೇಳು."

ಅಕ್ಕ ಸುತ್ತ ನೋಡಿದಳು. ಆಗ ಕುಪ್ಪೇಲೂರಿನ ಹುಡುಗಿ ಎದ್ದು ನಿಂತಳು. "ಆಕಿ ಹಿಂದ ಹೋಗಾಕಿ ನಾನ ಇರಬೇಕ ಬಿಡ್ರಿ" ಎಂದಳು. ಬಿಗಿದು ಉಟ್ಟಿದ್ದ ಸೆರಗನ್ನು ಸಡಿಲಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಯಾರಿಗೂ ಗೊತ್ತಾಗಬಾರದಂತ ಮಾಡಿದ್ದೆ. ಉಸರ ಕಟ್ಟತೈತ್ರಿ ಅಕ್ಕಾರ."

ಅಕ್ಕ ಡಬ್ಬಿ ತೆಗೆದುಕೊಂಡು ನಲ್ಲಿಯ ಕಡೆ ಹೋಗಿ ತುಂಬ ಹೊತ್ತು ತೊಳೆದಳು. ಬಂದು, "ಮಾಡ್ರಿ, ಏನ ಮಾಡ್ತೀರಿ. ನನ್ನ ಕೇಳಬ್ಯಾಡ್ರಿ" ಎಂದಳು. ನನ್ನ ಮುಖ ನೋಡಲಿಲ್ಲ.

ಮರುದಿನ ನಾನು ಒಳಗೆ ಹೋಗಿ ಹೇಳಿದೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಎಲ್ಲರೂ ವಾರ ಬಿಟ್ಟು ವಾರ ಬರಲು ತಯಾರಿದ್ದಾರೆ ಎಂದೆ. ಮ್ಯಾನೇಜರ್ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು. "ಹೆಡ್ ಆಫೀಸ್ನಾವ್ರು ಒಪ್ಪಂಗಿಲ್ರಿ" ಎಂದರು. ನಾನು ಹೊರಡಲಿಲ್ಲ, ಅಲ್ಲೇ ನಿಂತೆ. ಹೊರಗೆ ಕೆಲಸ ನಿಂತಿತ್ತು, ಅದು ಅವರಿಗೂ ಕೇಳಿಸುತ್ತಿತ್ತು. ಕೊನೆಗೆ ಮೊಬೈಲ್ ತೆಗೆದುಕೊಂಡು ಹೊರಗಿನ ಬೇವಿನ ಗಿಡದ ಕೆಳಗೆ ಹೋದರು. ಫೋನಿನಲ್ಲಿ ಮಾತಾಡುತ್ತ ಅಡ್ಡಾಡಿದರು. ತಿರುಗಿ ಬಂದಾಗ ಅಂಗಿಯ ಬೆನ್ನು ತೊಯ್ದಿತ್ತು.

"ಒಪ್ಪಿದ್ರು. ಉಗಾದಿ ತನಕ ನೋಡೂಣು ಅಂದ್ರು" ಎಂದರು.

ಆದರೆ ಅದರ ಜೊತೆಗೆ ಇನ್ನೊಂದು ಮಾತಿತ್ತು. ಅರ್ಧ ಟೇಬಲ್ಲಿಗೆ ಪ್ರತ್ಯೇಕ ಸೂಪರ್‌ವೈಸರ್ ಬೇಕಾಗಿಲ್ಲ. ಬೀಜ ಹಸನು ಮಾಡುವ ಯಂತ್ರದ ವಿಭಾಗದ ಹುಡುಗನೇ ಎರಡನ್ನೂ ನೋಡಿಕೊಳ್ಳುತ್ತಾನೆ. ನಾನು ಬೇಕಾದರೆ ಉಳಿದವರ ಜೊತೆ ಟೇಬಲ್ಲಿಗೆ ಕೂರಬಹುದು, ವಾರ ಬಿಟ್ಟು ವಾರ. ಮ್ಯಾನೇಜರ್ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಸರು ಹೇಳಲಿಲ್ಲವೆಂದು ಹೀಗೆ ಸೇಡು ತೀರಿಸಿಕೊಂಡರು ಎಂದೇ ಅಂದುಕೊಂಡೆ. ಸೋಮವಾರ ನಾದಿನಿಯ ಪಕ್ಕದಲ್ಲಿ ಕತ್ತರಿ ಹಿಡಿದು ಕುಳಿತೆ. ಅತ್ತೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಆಮೇಲೆ ತಾವೇ ಕರೆದು ತಲೆಗೆ ಎಣ್ಣೆ ಹಚ್ಚಿದರು.

ತಿಂಗಳುಗಳು ಹಾಗೇ ಕಳೆದವು. ಊರಿನಲ್ಲಿ ನೋಡಿದಲ್ಲೆಲ್ಲ ಅದೇ ಕಥೆ. ಸ್ಟೇಷನ್ ಮುಂದೆ ಆಟೋಗಳು ಉದ್ದಕ್ಕೆ ನಿಂತಿರುತ್ತಿದ್ದವು. ಇಳಿದವರು ನಡೆದೇ ಹೋಗುತ್ತಿದ್ದರು. ನಮ್ಮ ಓಣಿಯ ಖಾನಾವಳಿಯವರು ರಾತ್ರಿಯ ಊಟ ನಿಲ್ಲಿಸಿದರು. ದೀಪಾವಳಿ ಕಳೆದ ಮೇಲೆ ನಮ್ಮ ಮ್ಯಾನೇಜರ್ ಒಂದು ದಿನ ಕಾಣಲಿಲ್ಲ. ಬೇರೆ ಊರಿನ ಬ್ರಾಂಚಿಗೆ ವರ್ಗವಾಗಿದೆ ಎಂದು ಯಂತ್ರದ ಹುಡುಗ ಹೇಳಿದ. ಬೀಳ್ಕೊಡುಗೆ ಕೂಡ ಆಗಲಿಲ್ಲ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಸಂಕ್ರಮಣದ ಹೊತ್ತಿಗೆ ಬ್ಯಾಡಗಿಗೆ ಹೊಸ ಮೆಣಸಿನಕಾಯಿ ಬರತೊಡಗಿತು. ಬಿಡುವಿನ ವಾರದಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗೋಣವೆಂದು ನಾನು ನಾದಿನಿಯನ್ನೂ ಇನ್ನೂ ಕೆಲವರನ್ನೂ ಕರೆದುಕೊಂಡು ಗಂಡನ ಜೊತೆಗೇ ರೈಲು ಹತ್ತಿದೆ. ಒಬ್ಬ ವ್ಯಾಪಾರಿಯ ತಗಡಿನ ಶೆಡ್ಡಿನಲ್ಲಿ ಕೆಂಪು ರಾಶಿಯ ಸುತ್ತ ಬ್ಯಾಡಗಿಯ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದರು. ಗುತ್ತಿಗೆದಾರ ನಮ್ಮನ್ನು ನೋಡಿದ್ದೇ ನಕ್ಕ. ಅವರ ಕಡೆ ತಿರುಗಿ, "ನೋಡ್ರಿ, ನಿಮಗ ಈ ಕೂಲಿ ಸಾಲಂಗಿಲ್ಲ ಅಂದ್ರ ಬಿಡ್ರಿ. ರಾಣೆಬೆನ್ನೂರಿಂದ ಮಂದಿ ಬಂದಾರ" ಎಂದ.

ಒಬ್ಬ ಗಟ್ಟಿಮುಟ್ಟಾದ ಹೆಂಗಸು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮೂರಾಗ ಕೆಲಸಿಲ್ಲಂತ ನಮ್ಮ ತಾಟಿಗೆ ಕೈ ಹಾಕಾಕ ಬಂದೀರೇನು? ಹೆಜ್ಜಿ ಇಡ್ರಿ ನೋಡೂಣು ಒಳಗ."

"ಕೆಲಸ ನಿಮ್ಮ ಅಪ್ಪನ ಮನಿದೇನು?" ಎಂದು ನಮ್ಮವಳೊಬ್ಬಳು ಅಂದುಬಿಟ್ಟಳು. ಕುಳಿತವರೆಲ್ಲ ಎದ್ದರು. ಯಾರೋ ಯಾರದೋ ತೋಳು ಹಿಡಿದರು. ರಾಶಿಯ ಮೇಲೆ ಕಾಲು ಬಿದ್ದು ಘಾಟು ಎದ್ದಿತು. ಎರಡೂ ಕಡೆಯವರು ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಬೈದಾಡಿಕೊಂಡೆವು. ಗುತ್ತಿಗೆದಾರ ದೂರದಲ್ಲಿ ಕೈ ಕಟ್ಟಿ ನಿಂತಿದ್ದ.

ನಾದಿನಿ ನನ್ನ ಕೈ ಹಿಡಿದು ಹೊರಗೆ ಎಳೆದಳು. "ನಡೀರಿ ವೈನಿ. ಇಲ್ಲಿ ನಾವು ಕುಂತ್ರ ಆ ಮನಶಾ ಅವರಿಗೂ ಕಡಿಮಿ ಕೊಡತಾನ, ನಮಗೂ ಕಡಿಮಿ ಕೊಡತಾನ."

"ನೀ ಹಿಂಗ ಎಲ್ಲಾ ಕಡೆ ನ್ಯಾಯಾ ಹೇಳಕೋಂತ ನಿಂತ್ರ ಮನ್ಯಾಗ ಏನ ಬೇಯಸೂದು?" ಎಂದು ರಸ್ತೆಯ ಮೇಲೆಯೇ ಕೂಗಿದೆ. ಅವಳು ಮುಂದೆ ನಡೆದಳು. ಉರಿಯುವ ಕಣ್ಣುಗಳನ್ನು ಒರೆಸಿಕೊಳ್ಳುತ್ತ ಸ್ಟೇಷನ್ನಿನಲ್ಲಿ ಬೇರೆ ಬೇರೆ ಬೆಂಚಿನ ಮೇಲೆ ಕುಳಿತು ರೈಲಿಗೆ ಕಾದೆವು. ಮರುದಿನದಿಂದ ಬಿಡುವಿನ ವಾರಗಳಲ್ಲಿ ಅವಳು ಒಬ್ಬಳೇ ಎಲ್ಲಿಗೋ ಹೋಗತೊಡಗಿದಳು. ನಾನು ಕೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಹಾವೇರಿಯ ಕಾಲೇಜೊಂದರ ಮೈದಾನದಲ್ಲಿ ಉದ್ಯೋಗ ಮೇಳ ಇದೆ ಎಂದು ಗೊತ್ತಾಗಿ ಬೆಳಗಿನ ಬಸ್ಸಿಗೆ ಹೋದೆ. ಶಾಮಿಯಾನದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಡಿಗ್ರಿ, ಡಿಪ್ಲೊಮಾ ಮಾಡಿದ ಹುಡುಗರು ಎದೆಗೆ ಫೈಲು ಒತ್ತಿ ಹಿಡಿದು ನಿಂತಿದ್ದರು. ಯಾವ ಸಾಲು ಯಾವ ಕಂಪನಿಗೆ ಎಂಬುದೂ ತಿಳಿಯದೆ, ಉದ್ದ ಸಾಲು ಕಂಡಲ್ಲಿ ಹೋಗಿ ಸೇರಿಕೊಳ್ಳುತ್ತಿದ್ದರು. ಬಟ್ಟೆ ಹೊಲಿಯುವ ಕಾರ್ಖಾನೆಯ ಮೇಜಿನಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ವಯಸ್ಸೆಷ್ಟು? ಹಾಸ್ಟೆಲಲ್ಲಿ ಇರ್ತೀರಾ?" ಎರಡಕ್ಕೂ ನನ್ನ ಉತ್ತರ ಕೇಳಿ, ಹಿಂದಿನವರನ್ನು ಕರೆದಳು.

ಹೊರಗೆ ಬರುವಾಗ ಇನ್ನೊಂದು ಸಾಲಿನಲ್ಲಿ ನಮ್ಮ ಮ್ಯಾನೇಜರ್ ಕಂಡರು. ಇಸ್ತ್ರಿ ಮಾಡಿದ ಅಂಗಿ, ಮಗನ ವಯಸ್ಸಿನ ಹುಡುಗರ ನಡುವೆ. ನನ್ನನ್ನು ನೋಡಿ ಮುಖ ತಿರುಗಿಸಿದರು. ಆಮೇಲೆ ಏನನ್ನಿಸಿತೋ, ಸಾಲು ಬಿಟ್ಟು ಬಂದರು.

"ವರ್ಗ ಆಗೇತಿ ಅಂದಿದ್ರಲ್ರಿ ಸರ್?"

"ವರ್ಗ ಅಲ್ಲರಿ. ತಗದ್ರು."

ಮೈದಾನದ ಗೋಡೆಯ ಪಕ್ಕದ ಗಾಡಿಯಲ್ಲಿ ಚಹಾ ಕುಡಿದೆವು. ನನಗೆ ಒಳಗೊಳಗೇ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆ ತೆಗೆದರು ಎಂದು ಕೇಳಿದೆ. ಅವರು ಕಪ್ಪಿನೊಳಗೆ ನೋಡುತ್ತ ಹೇಳಿದರು: "ಅವತ್ತು ಹೆಡ್ ಆಫೀಸ್ನಾವ್ರು ಒಪ್ಪಿದ್ದಿಲ್ಲರಿ. ಒಪ್ಪಿದ್ರು ಅಂತ ನಿಮಗ ಸುಳ್ಳ ಹೇಳಿದೆ. ಅರ್ಧ ಮಂದಿನ್ನ ತಗದೇನಿ ಅಂತ ಅವರಿಗೂ ಸುಳ್ಳ ಹೇಳಿದೆ. ಸೂಪರ್‌ವೈಸರ್ ಒಬ್ರನ್ನರ ತಗೀಲಿಲ್ಲ ಅಂದ್ರ ಅವರು ನಂಬತಿದ್ದಿಲ್ಲ. ನಿಮಗದು ಭಾಳ ಅನ್ಯಾಯ ಆತು."

ನಾನು ಕಪ್ಪನ್ನು ಗಾಡಿಯ ಮೇಲೆ ಇಟ್ಟೆ.

"ದೀಪಾವಳಿಗೆ ಹೆಡ್ ಆಫೀಸಿಂದ ಯಾರೋ ಬಂದು ನೋಡಿದ್ರು, ಗೊತ್ತಾತು. ಖರ್ಚು ಅಷ್ಟ ಆಗೇತಲ್ಲಾ ಅಂತ ನಿಮ್ಮನ್ನ ಹಂಗ ಬಿಟ್ರು. ನನ್ನ ಬಿಡಲಿಲ್ಲ."

"ಯಾಕ ಹಂಗ ಮಾಡಿದ್ರಿ ಸರ್?"

"ಒಳಗ ಬಂದು ನಿಂತ್ರಲ್ಲಾ ನೀವು, ಹೊರಗ ಹೋಗಲಿಲ್ಲ. ಹೊರಗ ಸಪ್ಪಳ ಇದ್ದಿದ್ದಿಲ್ಲ. ಆ ಹೊತ್ತಿಗೆ ಹಂಗ ಅಂದುಬಿಟ್ಟೆ. ಶೂರತನಾ ಏನಲ್ಲರಿ. ಈಗ ಕೇಳಿದ್ರ ಅಂತಿದ್ದೆನೋ ಇಲ್ಲೋ." "ಮನ್ಯಾಗ ಹೆಂಡತಿ ಇನ್ನೂ ಬೈತಾಳ" ಎಂದು ನಕ್ಕರು. ನಾನು ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮುಂದೆ ಇಟ್ಟೆ. ಬೇಡ ಎನ್ನದೆ ತಿಂದರು. ಆಮೇಲೆ ಸಾಲಿಗೆ ಹೋದರು. ಅವರು ನಿಂತಿದ್ದ ಜಾಗ ತುಂಬಿಹೋಗಿತ್ತು. ಮತ್ತೆ ಕೊನೆಗೆ ಹೋಗಿ ನಿಂತರು.

ಮುಂದಿನ ವಾರ ಟೇಬಲ್ಲಿನಲ್ಲಿ ಎಲ್ಲರಿಗೂ ಹೇಳಿದೆ. ಯಾರೂ ಬೇಗ ನಂಬಲಿಲ್ಲ. ಅಕ್ಕ ಅಷ್ಟು ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು. "ಆ ಮನಶಾಗ ಹೋಗೂಮುಂದ ಒಂದು ಮಾತು ಸೈತ ಆಡಿಸಲಿಲ್ಲ ನಾವು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮ್ಯಾಲೂ ಸಿಟ್ಟಿತ್ತು ನನಗ. ಇನ್ನೂ ಐತಿ. ಅರ್ಧಾನರ ಹೋಗೇತಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮ್ಯಾನೇಜರ್ ಈಗ ಹಾವೇರಿಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿದ್ದಾರೆ ಎಂದು ಕೇಳಿದ್ದೇನೆ. ನಾದಿನಿ ಬಿಡುವಿನ ವಾರಗಳಲ್ಲಿ ಹೋಗುತ್ತಿದ್ದದ್ದು ಕುಪ್ಪೇಲೂರಿನ ದಾರಿಯಲ್ಲಿರುವ ಸಸಿ ಬೆಳೆಸುವ ನರ್ಸರಿಗಳಿಗೆ. ಒಂದಾದ ಮೇಲೊಂದಕ್ಕೆ ಹೋಗಿ ಕೆಲಸ ಕೇಳಿ, ಎಲ್ಲ ಕಡೆ ಇಲ್ಲವೆನ್ನಿಸಿಕೊಂಡು, ಕೊನೆಗೆ ಒಬ್ಬರ ಹತ್ತಿರ ಟೊಮ್ಯಾಟೊ ಸಸಿಯ ಟ್ರೇಗಳಿಗೆ ನೀರು ಹಾಕುವ ಕೆಲಸ ಹಿಡಿದಳು. ಗೋದಾಮಿನ ತನ್ನ ಪಾಳಿಯನ್ನು ಕುಪ್ಪೇಲೂರಿನ ಹುಡುಗಿಗೆ ಬಿಟ್ಟುಕೊಟ್ಟು, ಅವಳು ಹೆರಿಗೆಯಿಂದ ತಿರುಗಿ ಬರುವ ತನಕ ಬೇರೆಯವರಿಗೆ ಹಂಚಿ ಎಂದಳು. ಅವಳು ಮೊದಲ ದಿನ ಹೊರಟಾಗ ಬ್ಯಾಡಗಿಯ ರಸ್ತೆಯಲ್ಲಿ ನಾನು ಆಡಿದ ಮಾತು ನೆನಪಾಗಿ, ಬುತ್ತಿ ನಾನೇ ಕಟ್ಟಿಕೊಟ್ಟೆ. "ವೈನಿ, ಖಾರ ಕಡಿಮಿ ಹಾಕೀರಿಲ್ಲೋ?" ಎಂದು ಕೇಳಿ ಹೋದಳು.

ಉಗಾದಿ ಬಂತು, ಹೋಯಿತು. ನಮಗೆ ಯಾರೂ ಏನೂ ಹೇಳಲಿಲ್ಲ. ಗೋವಿನಜೋಳದ ಬೀಜ ತುಂಬಲು ಹೊಸ ಯಂತ್ರ ಬಂದಿದೆ. ಅದಕ್ಕೆ ಎಷ್ಟು ಕೈ ಬೇಕಾಗುತ್ತವೆ ಎಂದು ಕೇಳಲು ಯಾರಿಗೂ ಧೈರ್ಯವಿಲ್ಲ. ಶನಿವಾರ ಸಂಜೆ ಕೈ ತೊಳೆದು ಬಾಗಿಲ ಹತ್ತಿರ ನಿಲ್ಲುತ್ತೇವೆ. ಹೊಸ ಮ್ಯಾನೇಜರ್ ಬಂದು "ಸೋಮವಾರ ಇನ್ನೊಂದು ಪಾಳಿಯಾವ್ರು ಬರಲಿ, ನೀವು ಅದರ ಮುಂದಿನ ವಾರ ಬರ್ರಿ" ಎನ್ನುವ ತನಕ ಯಾರೂ ಚಪ್ಪಲಿ ಮೆಟ್ಟುವುದಿಲ್ಲ.